ಪೂಜೆಯ ಪೆಟ್ಟಿಗೆಯೊಳಗಿನ ಮಾರ್ಕ್ಸ್ ಕಾರ್ಡು

ಬೈಲಹೊಂಗಲದ ಪೇಟೆಯ ಸೀರೆ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆ ಕೂರಲು ಸಿಗುವುದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾತ್ರ. ಬುಧವಾರ ಗುರುಬಸವ್ವ ರೊಟ್ಟಿ ಮುರಿಯುತ್ತಿದ್ದಾಗಲೇ ಅವಳ ಮೊಬೈಲಿಗೆ ಒಂದು ಸಂದೇಶ ಬಂತು. ದೊಡವಾಡದ ಅಂಗನವಾಡಿ ಸಹಾಯಕಿ ಹುದ್ದೆಗೆ ಅರ್ಜಿ ಹಾಕಿದವರು ಮುಂದಿನ ಗುರುವಾರ ಮೂಲ ದಾಖಲೆಗಳನ್ನು ತೆಗೆದುಕೊಂಡು ತಾಲೂಕಿನ ಕಚೇರಿಗೆ ಬರಬೇಕು ಎಂದು ಅದರಲ್ಲಿ ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಎರಡನೆಯ ಸಲ ಓದುವಾಗ ‘ಮೂಲ’ ಎಂಬಲ್ಲಿಗೆ ಬಂದು ನಿಂತುಬಿಟ್ಟಳು.

ಅವಳಿಗೆ ಮೂವತ್ತನಾಲ್ಕು ವಯಸ್ಸು. ಆ ಕೆಲಸಕ್ಕೆ ಮೂವತ್ತೈದು ಮೀರಬಾರದು. ಇದು ತಪ್ಪಿದರೆ ಮತ್ತೊಂದು ಸಲ ಎಂಬುದು ಇರಲಿಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ದೊಡವಾಡದಿಂದ ಹೊರಟು, ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚಿ, ರಾತ್ರಿ ಊರು ಸೇರುವ ಹೊತ್ತಿಗೆ ಅವಳ ಕಾಲು ಬಾತು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಇದೇ ನಡೆದಿತ್ತು. ಅಂಗನವಾಡಿ ಅವಳ ಮನೆಯಿಂದ ನಾಲ್ಕು ಮನೆ ಆಚೆ ಇತ್ತು.

ಅವಳ ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡು ಮಾತ್ರ ಅಂಗಡಿಯ ಮಾಲಕ ಬಸಲಿಂಗಪ್ಪ ಸಾವಕಾರರ ತಗಡಿನ ಪೆಟ್ಟಿಗೆಯಲ್ಲಿತ್ತು.

ಅದು ಅಲ್ಲಿಗೆ ಹೋದದ್ದು ಅವಳ ಕೈಯಿಂದಲೇ. ಕೆಲಸಕ್ಕೆ ಸೇರಿದ ದಿನ ಸಾವಕಾರರು ಕಾಗದ ಕೇಳಿದ್ದರು. ಅವಳು ಮೂಲವನ್ನೂ ಝೆರಾಕ್ಸನ್ನೂ ತಂದಿದ್ದಳು. ಝೆರಾಕ್ಸ್ ಕೊಡಬಹುದಾಗಿತ್ತು. ಆದರೆ ಕೂಲಿ ಕೊಡುವ ಮನೆಗೆ ನಕಲು ಕೊಟ್ಟರೆ ‘ನಿಮ್ಮ ಮೇಲೆ ನನಗೆ ನಂಬಿಗೆಯಿಲ್ಲ’ ಎಂದಂತೆ ಆಗುತ್ತದೆ ಎಂದು ಅವಳಿಗೆ ಅನಿಸಿತು. ಅವಳಿಗಿಂತ ಮುಂಚೆ ಸೇರಿದವರೆಲ್ಲ ಮೂಲವನ್ನೇ ಕೊಟ್ಟಿದ್ದರು. ಅವಳೂ ಎರಡೂ ಕೈಯಿಂದ ಕೊಟ್ಟಳು. ಸಾವಕಾರರು ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದರು. ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಲೆಕ್ಕದ ವಹಿಗಳ ಜೊತೆ ಆ ಪೆಟ್ಟಿಗೆಗೂ ಅರಿಷಿಣ ಕುಂಕುಮ ಬೀಳುತ್ತಿತ್ತು. ತಮ್ಮ ಕಾಗದಕ್ಕೂ ಲಕ್ಷ್ಮೀ ಪೂಜೆ ಆಗುತ್ತದೆ ಎಂದು ಹೆಂಗಸರು ಊರಲ್ಲಿ ಹೇಳಿಕೊಳ್ಳುತ್ತಿದ್ದರು. ಗುರುಬಸವ್ವನೂ ಹೇಳಿಕೊಂಡಿದ್ದಳು.

ಬುತ್ತಿ ಕಟ್ಟಿಟ್ಟು ಅವಳು ಗಲ್ಲಾದ ಮುಂದೆ ಹೋಗಿ ನಿಂತಳು.

“ಸಾವಕಾರ್ರ, ನನ್ನ ಮಾರ್ಕ್ಸ್ ಕಾರ್ಡ ಬೇಕಾಗಿತ್ರಿ. ಎರಡ ದಿನದಾಗ ತಂದ ಕೊಡತೇನಿ.”

“ಏನ ತಂಗಿ, ಎಲ್ಲೆರ ಹೊಂಟಿ ಏನ?”

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾವಕಾರರ ಮುಖದಲ್ಲಿ ಸಿಟ್ಟು ಬರಲಿಲ್ಲ, ನೋವು ಬಂತು. ಅದನ್ನು ನೋಡುವುದು ಅವಳಿಗೆ ಸಿಟ್ಟಿಗಿಂತ ಕಷ್ಟವಾಯಿತು.

“ಪೆಟ್ಟಿಗಿ ಪಾಡ್ಯಾಕ್ಕ ಅಷ್ಟ ತಗಿತೇವಿ. ನಡುವ ತಗದ್ರ ಲಕ್ಷ್ಮಿ ಹೊರಗ ಕಾಲ ಇಟ್ಟಂಗ. ನಮ್ಮಪ್ಪನ ಕಾಲದಿಂದ ನಡದ ಬಂದೈತಿ. ನಿಂಗ ಗೊತ್ತಿಲ್ಲೇನ?”

“ಗೊತ್ತೈತ್ರಿ.”

“ಮತ್ತ? ದೀಪಾವಳಿ ಆಗಲಿ, ತಗೊಂಡ ಹೋಗುವಂತಿ.”

ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಅವಳು ತಲೆಯಾಡಿಸಿ ಹಿಂದಕ್ಕೆ ಬಂದಳು. ಪಕ್ಕದ ಕಟ್ಟೆಯಲ್ಲಿ ಇಳಕಲ್ ಸೀರೆ ಮಡಚುತ್ತಿದ್ದ ಶೀತಲ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಗೋಡೆಯ ಬೋರ್ಡಿನ ಕಡೆ ಗದ್ದ ಎತ್ತಿದಳು.

“ಅಕ್ಕಾ, ಒಂಬತ್ತ ವರ್ಷ ಆತು, ಬೋರ್ಡ ಓದಿಲ್ಲೇನ? ‘ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಅಂತೈತಿ. ನಾವೂ ಮಾಲ ಅದೇವಿ.”

“ಸುಮ್ಮನ ಮಡಚಬೇ,” ಎಂದಳು ಗುರುಬಸವ್ವ. ಆದರೆ ನಗು ಬಂತು. ಆ ದಿನ ಬಂದ ನಗು ಅದೊಂದೇ.

ಮನೆಯಲ್ಲಿ ಗಂಡ ಮಹಾದೇವ ಎಮ್ಮೆಗೆ ಮೇವು ಹಾಕುತ್ತಲೇ ಕೇಳಿಸಿಕೊಂಡ. ಅವನಿಗೆ ಇದು ದೊಡ್ಡ ಮಾತೆನಿಸಲಿಲ್ಲ.

“ಕಳದೈತಿ ಅಂತ ಬರಸಿ ಕೊಡು. ಡುಪ್ಲಿಕೇಟ್ ಬರತೈತಿ.”

“ಕಳದಿಲ್ಲಲ್ಲ.”

“ನಿನ್ನ ಕೈಯಾಗ ಇಲ್ಲಲ್ಲ? ಕೈಯಾಗ ಇಲ್ಲಂದ್ರ ಕಳದಂಗ.”

ಗುರುಬಸವ್ವ ಕಾಲಿಗೆ ಬಿಸಿನೀರು ಹಾಕಿಕೊಂಡು ಮಲಗಿದಳು. ಪೆಟ್ಟಿಗೆ ತೆಗೆಸಿದ ಮೇಲೆ ಆ ಅಂಗಡಿಗೆ ಏನಾದರೂ ಆದರೆ ಎಂಬ ಅಂಜಿಕೆ ಅವಳಿಗೂ ಇತ್ತು. ಸಾವಕಾರರು ಕೆಟ್ಟವರಲ್ಲ. ಅವಳ ಮಗಳಿಗೆ ಡೆಂಗೆ ಆದಾಗ ಹನ್ನೆರಡು ದಿನ ಸೂಟಿ ಕೊಟ್ಟು ಒಂದು ಮಾತೂ ಆಡಿರಲಿಲ್ಲ. ಸುಳ್ಳು ಬರೆಸಿದರೆ ಅವರಿಗೂ ಅಪಶಕುನವಿಲ್ಲ, ತನಗೂ ಕೆಲಸ. ಹೀಗೆ ಎಣಿಸುತ್ತಾ ಗುರುವಾರವಿಡೀ ಸೀರೆ ಮಡಚಿದಳು.

ಶುಕ್ರವಾರ ಅರ್ಧ ದಿನ ಸೂಟಿ ಹೇಳಿ ಕೋರ್ಟಿನ ಹತ್ತಿರ ಹೋದಳು. ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೆ ಟೈಪ್ ಮಾಡಿಕೊಡುವ ನೀಲಪ್ಪ ಕೂತಿದ್ದ. ಅಫಿಡವಿಟ್ ಎಂದೊಡನೆ ಅವನು ಕಾಗದ ಏರಿಸಿ, ಹೆಸರು, ಗಂಡನ ಹೆಸರು, ಊರು ಹೊಡೆದು ಮುಗಿಸಿದ.

“ಎಲ್ಲಿ ಕಳದ್ರಿ?”

ಅವಳು ಕಾಗದದ ಮೇಲಿನ ತನ್ನ ಹೆಸರನ್ನು ನೋಡಿದಳು.

“ಬಸ್ಸಿನಾಗ ಅಂತ ಹಾಕಲ್ಯಾ? ಬಾಳ ಮಂದಿ ಬಸ್ಸಿನಾಗ ಕಳಕೋತಾರ.”

“ಕಳದಿಲ್ಲರಿ.”

“ಆಂ?”

“ಸಾವಕಾರ್ರ ಪೆಟ್ಟಿಗಿಯಾಗ ಐತ್ರಿ. ಕೊಡವಲ್ರು.”

ನೀಲಪ್ಪ ಟೈಪ್ ಯಂತ್ರದಿಂದ ಬೆರಳು ಎತ್ತಿದ. ಅವಳನ್ನು ಒಂದು ಸಲ ನೋಡಿದ, ಹೊಡೆದ ಕಾಗದವನ್ನು ಒಂದು ಸಲ ನೋಡಿದ. ನಂತರ ಅದನ್ನು ಹೊರಗೆ ಎಳೆದು ಹರಿದು ಹಾಕಿದ.

“ಯವ್ವಾ, ಇದಕ್ಕ ಆಣಿ ಮಾಡಿ ಸಹಿ ಹಾಕಬೇಕು. ಸುಳ್ಳ ಆಣಿ ಮಾಡಿದ್ರ ನಾಳೆ ನೀವ ಆರೋಪಿ ಆಗ್ತೀರಿ, ಕಾಗದ ಇಟ್ಕೊಂಡಾವ ಸಾಕ್ಷಿ ಆಗ್ತಾನ. ಒಳಗ ಹೋಗ್ರಿ. ಬಾಗಲಾ ದಾಟಿ ಎಡಕ್ಕ, ಕಾನೂನು ಸೇವಾ ಸಮಿತಿ ಅಂತ ಬರದೈತಿ. ಹೆಣ್ಮಕ್ಕಳಿಗೆ ರೊಕ್ಕ ಕೇಳೂದಿಲ್ಲ.”

ಒಳಗೆ ಸಣ್ಣ ಕೋಣೆ. ಸಮಿತಿಯ ವಕೀಲೆ ಪ್ರಜ್ಞಾ, ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಶೀತ ಹಿಡಿದು ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಳು. ಗುರುಬಸವ್ವ ನಿಂತೇ ಮಾತು ಶುರು ಮಾಡಿದಳು. “ಮೊದಲ ಕುಂತ್ರಿ ಅಕ್ಕಾರ,” ಎಂದು ಎರಡು ಸಲ ಹೇಳಬೇಕಾಯಿತು.

ಎಲ್ಲ ಕೇಳಿ ಪ್ರಜ್ಞಾ ಹೇಳಿದಳು: “ನಿಮ್ಮ ಮಾರ್ಕ್ಸ್ ಕಾರ್ಡ ನಿಮ್ಮದು. ಕೆಲಸಕ್ಕ ಇಟ್ಕೊಂಡವರು ಅದನ್ನ ನೋಡಬಹುದು, ಝೆರಾಕ್ಸ್ ತಗೋಬಹುದು. ಬೇಡಿದ ಮ್ಯಾಲೂ ಅಡವು ಇಟ್ಟಂಗ ಇಟ್ಕೊಳ್ಳಾಕ ಯಾವ ಮಾಲಕಗೂ ಹಕ್ಕಿಲ್ಲ.”

“ನಾನ ಕೊಟ್ಟೇನ್ರಿ. ಅವ್ರು ಕಸಗೊಂಡಿಲ್ಲ.”

“ಕೊಟ್ಟವರಿಗೆ ತಿರುಗಿ ಕೇಳೂ ಹಕ್ಕ ಹೋಗೂದಿಲ್ಲ.”

“ಲಕ್ಷ್ಮಿ ಹೋಗತಾಳಂತ...”

ಪ್ರಜ್ಞಾ ಕರ್ಚೀಫಿನ ಹಿಂದೆ ನಕ್ಕಳು. “ಅವರಿಗೆ ಅಂಜಿಕಿ ಲಕ್ಷ್ಮಿ ಹೋಗತಾಳಂತಲ್ಲರಿ, ನೀವ ಹೋಗ್ತೀರಂತ. ಒಂಬತ್ತ ವರ್ಷ ಪಳಗಿದ ಕೈ ನಿಮ್ಮದು. ವಾರಕ್ಕ ಒಂದ ದಿನ ಪಗಾರದ ಸೂಟಿ ಕೊಡ್ತಾರೇನು?”

“ಅಮಾಸಿಗೆ ಕೊಡ್ತಾರ್ರಿ.”

“ನೋಡ್ರಿ ಮತ್ತ.”

ಅದರ ಬಗ್ಗೆಯೂ ಅವಳು ಒಂದಿಷ್ಟು ಹೇಳಿದಳು. ವಾರದ ಸೂಟಿ ಉಪಕಾರವಲ್ಲ, ಕಾಯಿದೆ. ಕಾರಣವಿಲ್ಲದೆ, ಒಂದು ತಿಂಗಳು ಮೊದಲು ಬರೆದು ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಗೋಡೆಯ ಬೋರ್ಡಿನ ಮಾತು ಬಂದಾಗ, ಮಾಲು ಕೆಟ್ಟಿದ್ದರೆ ಬೋರ್ಡು ಏನೇ ಹೇಳಿದರೂ ವಾಪಸ್ ತೆಗೆದುಕೊಳ್ಳಲೇಬೇಕು ಎಂದಳು. ಗುರುಬಸವ್ವನಿಗೆ ಸಂತೋಷ ಆಗಬೇಕಾಗಿತ್ತು. ಆಗಲಿಲ್ಲ. ಇಷ್ಟು ವರ್ಷ ಇದೆಲ್ಲ ಇತ್ತು, ಮತ್ತು ತಾನು ನಿಂತೇ ಇದ್ದೆ ಎಂದು ತಿಳಿದು ಮೈಯೆಲ್ಲ ಇನ್ನಷ್ಟು ಭಾರವಾಯಿತು.

“ಮೊದಲ ನೀವ ನಿಮ್ಮ ಕೈಲೆ ಒಂದ ಅರ್ಜಿ ಬರೀರಿ. ಎರಡ ಪ್ರತಿ. ಒಂದಕ್ಕ ‘ಮುಟ್ಟಿತು’ ಅಂತ ಅವರ ಸಹಿ ತಗೋರಿ. ಕೊಡಲಿಲ್ಲಂದ್ರ ಸೋಮವಾರ ನಮ್ಮ ಸಮಿತಿಯಿಂದ ಕಾಗದ ಹೋಗತೈತಿ.”

ಅರ್ಜಿ ಬರೆಯಲು ಅವಳಿಗೆ ಒಂದು ತಾಸು ಹಿಡಿಯಿತು. ಮೊದಲಿನ ಮೂರು ಕಾಗದಗಳಲ್ಲಿ ‘ದಯವಿಟ್ಟು’ ಬಹಳ ಸಲ ಬಂದಿತ್ತು. ನಾಲ್ಕನೆಯದರಲ್ಲಿ ಒಂದೇ ಸಲ ಇಟ್ಟಳು.

ಅದೇ ದಿನ ಅಂಗಡಿಗೆ ಮರಳಿ ಕೊಟ್ಟಾಗ ಸಾವಕಾರರು ಅರ್ಜಿ ಓದಿದರು, ಸಹಿ ಹಾಕಲಿಲ್ಲ. “ಮನಿಯಾಗಿನ ಮಾತಿಗೆ ಅರ್ಜಿ ಬರದಿ ಏನ?” ಎಂದು ಅಷ್ಟೇ ಕೇಳಿದರು. ಶನಿವಾರ, ಭಾನುವಾರ ಅವಳೊಡನೆ ಮಾತಾಡಲಿಲ್ಲ. ಗಿರಾಕಿಗಳು ಬಂದರೆ ಶೀತಲನನ್ನು ಕರೆದರು. ಗುರುಬಸವ್ವ ಖಾಲಿ ಕಟ್ಟೆಯ ಹಿಂದೆ ನಿಂತಿದ್ದಳು. ಕೆಲಸವಿಲ್ಲದೆ ನಿಲ್ಲುವುದು ಕೆಲಸ ಮಾಡುತ್ತಾ ನಿಲ್ಲುವುದಕ್ಕಿಂತ ಹೆಚ್ಚು ನೋಯಿಸಿತು.

ಸೋಮವಾರ ಬೆಳಿಗ್ಗೆ ಅವಳು ಪ್ರಜ್ಞಾಗೆ ಫೋನ್ ಮಾಡಿ ತಿಳಿಸಿದಳು; ಮಧ್ಯಾಹ್ನ ಸಾವಕಾರರ ಕೈಗೆ ಸಮಿತಿಯ ಕಾಗದ ಬಂತು. ಬುಧವಾರ ಹನ್ನೊಂದಕ್ಕೆ ಬಂದು ವಿಷಯ ಬಗೆಹರಿಸಿಕೊಳ್ಳಬೇಕು ಎಂದಿತ್ತು. ಅಂಗಡಿಯಲ್ಲಿ ಮದುವೆಯ ಬಟ್ಟೆಗೆ ಬಂದ ಸವದತ್ತಿಯ ಮಂದಿ ತುಂಬಿದ್ದರು. ಸಾವಕಾರರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, ಆ ಮಂದಿ ಹೋಗುವವರೆಗೂ ನಗುತ್ತಲೇ ಇದ್ದರು. ಸಂಜೆ ಗಿರಾಕಿ ಕಡಿಮೆಯಾದಾಗ ಒಳಗಿನ ಕೋಣೆಗೆ ಹೋದರು. ಊದಿನಕಡ್ಡಿಯ ವಾಸನೆ ಬಂತು. ಕಾಯಿ ಒಡೆದ ಸದ್ದಾಯಿತು. ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಗಲ್ಲಾದ ಮೇಲಿಟ್ಟರು.

“ಬೇಲಿ ಹೊಲಾ ಮೇದಂಗ ಮಾಡಿದಿ ಗುರುಬಸವ್ವ. ನಾಳೆ ಪೇಟ್ಯಾಗ ಏನಂತಾರ? ಬಸಲಿಂಗಪ್ಪ ಕೋರ್ಟಿಗೆ ಹೋದ ಅಂತಾರ.”

“ಕೋರ್ಟಿಗಿ ಅಲ್ಲರಿ, ಕೋರ್ಟಿನಾಗಿನ ಕೋಣಿಗೆ.”

“ಎರಡೂ ಒಂದ.”

ಕಾರ್ಡಿನ ಮೇಲೆ ಒಂಬತ್ತು ವರ್ಷದ ಅರಿಷಿಣದ ಕಲೆ ಇತ್ತು. ಅಂಕಿಗಳು ಉಳಿದಿದ್ದವು, ಹುಟ್ಟಿದ ದಿನವೂ ಉಳಿದಿತ್ತು. ಅವಳು ಅದನ್ನು ಸೆರಗಿನಲ್ಲಿ ಹಿಡಿದಳು. ಸಾವಕಾರರು ಪೆಟ್ಟಿಗೆ ಮುಚ್ಚುವ ಮೊದಲೇ ಹಿಂದಿನಿಂದ ಶೀತಲನ ದನಿ ಬಂತು, ಬಹಳ ಮೆತ್ತಗೆ.

“ಹೆಂಗೂ ತಗದೀರಿ... ನಂದೂ ಕೊಟ್ಟಬಿಡ್ರಿ ಸಾವಕಾರ್ರ.”

ಅವರು ಅವಳದನ್ನೂ ಕೊಟ್ಟರು. ಮತ್ತೆ ಯಾರೂ ಕೇಳಲಿಲ್ಲ. ಉಳಿದ ಒಂಬತ್ತು ಕಾರ್ಡುಗಳ ಮೇಲೆ ಮುಚ್ಚಳ ಬಿತ್ತು.

“ನಂಬಿಗಿ ಹೋದ ಮ್ಯಾಲ ಕೆಲಸ ಹೆಂಗ? ನಾಳೆಯಿಂದ ಬರಬ್ಯಾಡ,” ಎಂದರು ಸಾವಕಾರರು, ಅವಳ ಮುಖ ನೋಡದೆ.

ಗುರುಬಸವ್ವ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಬಿಡಸೂದಿದ್ರ ಕಾರಣ ಹಾಕಿ ಒಂದ ತಿಂಗಳ ಮೊದಲ ಬರದ ಕೊಡಬೇಕಂತರಿ.”

“ಇದನ್ನೂ ಕಲತ ಬಂದ್ಯಾ?”

“ಹೇಳಿದ್ರು. ಕೇಳಿದೆ, ಅಷ್ಟರಿ.”

ಅವರು ಏನೂ ಬರೆದು ಕೊಡಲಿಲ್ಲ. ಕಾರ್ಡು ಸಿಕ್ಕಿದ್ದರಿಂದ ಸಮಿತಿಗೆ ಹೋಗುವ ಕೆಲಸ ಉಳಿದಿರಲಿಲ್ಲ; ಮಂಗಳವಾರ ಅವಳು ಅಂಗಡಿಗೆ ಹೋದಳು, ಬುಧವಾರವೂ ಹೋದಳು. ಹೋಗು ಎಂದೂ ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಗುರುವಾರ ಕಚೇರಿಯ ಪಡಸಾಲೆಯಲ್ಲಿ ನಲವತ್ತಕ್ಕೂ ಹೆಚ್ಚು ಹೆಂಗಸರು ಸೇರಿದ್ದರು. ದೊಡವಾಡದ ಒಂದೇ ಹುದ್ದೆಗೆ ಅವಳನ್ನು ಬಿಟ್ಟು ಇನ್ನೂ ನಾಲ್ವರು. ಅವರಲ್ಲಿ ಇಬ್ಬರು ಪಿಯುಸಿ ಮುಗಿಸಿದವರು. ಅವಳ ಸರದಿ ಬರುವಾಗ ಮಧ್ಯಾಹ್ನ ಎರಡಾಗಿತ್ತು. ಮೇಜಿನ ಹಿಂದಿನ ಗುಮಾಸ್ತ ಕೈ ಚಾಚಿದ. ಅವಳು ಕಾರ್ಡನ್ನು ಮುಂದಿಟ್ಟಳು, ಆದರೆ ಅದರ ಒಂದು ತುದಿಯನ್ನು ಬಿಡಲಿಲ್ಲ.

“ಬಿಡ್ರಿ ಅಕ್ಕಾರ, ನಾ ಏನ ತಿನ್ನೂದಿಲ್ಲ.”

“ಹಿಂಗ ನೋಡ್ರಲ್ಲ. ಕಾಣತೈತಲ್ಲ?”

ಹಿಂದೆ ನಿಂತವರು ನಕ್ಕರು. ಗುಮಾಸ್ತನೂ ನಕ್ಕ. ತುದಿ ಹಿಡಿದ ಅವಳ ಹೆಬ್ಬೆರಳಿನ ಪಕ್ಕದಲ್ಲೇ ಬೆರಳಿಟ್ಟು ಹೆಸರು, ವರ್ಷ, ಹುಟ್ಟಿದ ದಿನ ಓದಿದ. ಝೆರಾಕ್ಸಿನ ಮೇಲೆ ‘ಮೂಲ ನೋಡಿದೆ’ ಎಂದು ಬರೆದು ಸಹಿ ಹಾಕಿದ. ಎಲ್ಲ ಸೇರಿ ಅರ್ಧ ನಿಮಿಷವೂ ಆಗಲಿಲ್ಲ.

“ಆತ್ರಿ. ಪಟ್ಟಿ ಹದಿನೈದ ದಿನದ ಮ್ಯಾಲ ಹಚ್ಚತಾರ.”

“ಇಷ್ಟ ಏನ್ರಿ?”

“ಇಷ್ಟ. ಮುಂದಿನವರು ಬರ್ರಿ.”

ಅವಳು ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲವನ್ನು ಬುತ್ತಿಯ ಕೈಚೀಲದಲ್ಲಿಟ್ಟುಕೊಂಡು ಹೊರಗೆ ಬಂದಳು. ಅಂಗಡಿಯಲ್ಲಿ ಅರ್ಧ ದಿನ ಇನ್ನೂ ಬಾಕಿ ಇತ್ತು. ಪಟ್ಟಿಯಲ್ಲಿ ತನ್ನ ಹೆಸರು ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕೈಚೀಲವನ್ನು ಎದೆಗೊತ್ತಿಕೊಂಡು, ಬಿಸಿಲಿನಲ್ಲಿ, ಪೇಟೆಯ ಕಡೆಗೇ ನಿಧಾನಕ್ಕೆ ನಡೆದಳು.