ಪರೆ ಅಲ್ಲ, ಪರದೆ

ಹೈಸ್ಕೂಲು ಮುಗಿಯುವ ಹೊತ್ತಿಗೆ ನನ್ನ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪವಾಗಿತ್ತು. ತಿಪಟೂರಿನ ಕಾಲೇಜಿನಲ್ಲಿ ಹುಡುಗಿಯರು 'ಸೋಡಾಬುಡ್ಡಿ' ಎಂದೇ ಕರೆದರು. ಸಿಟ್ಟು ಬಂದು ಕನ್ನಡಕ ಕಿತ್ತರೆ, ಯಾರಿಗೆ ಬೈಯಬೇಕೆಂದೇ ಕಾಣುತ್ತಿರಲಿಲ್ಲ.

ಎಡಗಣ್ಣಿನಲ್ಲಿ ಕರಿ ಚುಕ್ಕೆಗಳು ತೇಲತೊಡಗಿದಾಗ ಅಪ್ಪ ತುಮಕೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು: "ಇವರ ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆದಿದೆ. ಒಳಗಿನ ಪರದೆ ಹಿಗ್ಗಿ ತೆಳ್ಳಗಾಗಿದೆ. ಅದು ಬಿಟ್ಟುಕೊಂಡರೆ ಆಪರೇಷನ್ ಮಾಡಬೇಕು. ಮಿಂಚು ಹೊಡೆದಂಗಾದರೆ, ಕತ್ತಲು ಕವಿದರೆ ಬನ್ನಿ."

ನಮ್ಮ ಕಡೆ ಕಣ್ಣಿನ ಪೊರೆಗೆ ಪರೆ ಅನ್ನುತ್ತಾರೆ. ಅಪ್ಪನ ಕಿವಿಗೆ ಬಿದ್ದದ್ದು ಆ ಮಾತೇ. ಅಜ್ಜಿಗೂ ಪರೆ ಬಂದಿತ್ತು. ಬಲಿಯುವ ತನಕ ಕಾಯಿರಿ ಎಂದು ಆಗಿನ ಡಾಕ್ಟರೇ ಹೇಳಿದ್ದರು. ಕಾದು ಆಪರೇಷನ್ ಮಾಡಿಸಿದ ಮೇಲೆ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುವಂತಾದರು. ಇನ್ನು ಕಾಯುವುದನ್ನು ತೆಂಗಿನವರಿಗೆ ಹೇಳಿಕೊಡಬೇಕೆ? ಅಟ್ಟದ ಕಾಯಿಯ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದಾಗಲೇ ಸುಲಿಯುವವರು ನಾವು.

ಕಾರ್ತೀಕದಲ್ಲಿ ಕಣ್ಣಂಚಿನಲ್ಲಿ ಮಿಂಚು ಹೊಡೆಯಿತು. ಆಮೇಲೆ ಕೆಳಗಿನಿಂದ ಕತ್ತಲು ಏರತೊಡಗಿತು. ಬಲಗಣ್ಣು ಮುಚ್ಚಿದರೆ ತಟ್ಟೆಯ ಅನ್ನ ಅರ್ಧವೇ ಕಾಣುತ್ತಿತ್ತು.

"ಅಪ್ಪಾ, ಕತ್ಲು ಮೇಲಕ್ಕೆ ಬತ್ತೈತೆ. ಡಾಕ್ಟ್ರು ಬನ್ನಿ ಅಂದಿದ್ರಲ್ಲ?"

"ಹೋಗಾನ ಕಣವ್ವ. ಈಗ ಬಲೀತಾ ಐತೆ, ಇನ್ನೊಂದಿಷ್ಟು ಬಲೀಲಿ ಬುಡು. ಎಳೇದ್ರಲ್ಲಿ ಕೈ ಹಾಕುದ್ರೆ ಕೆಡ್ತದೆ."

ಅವರ ದನಿಯಲ್ಲಿದ್ದ ನೆಮ್ಮದಿ ಕೇಳಿ ನನಗೂ ಧೈರ್ಯ ಬಂತು.

ಕತ್ತಲು ಪೂರ್ತಿ ಕವಿದ ಮೇಲೆ ಅಪ್ಪ ಒಗೆದ ಪಂಚೆ ಉಟ್ಟು ನನ್ನನ್ನು ತುಮಕೂರಿಗೆ ಹೊರಡಿಸಿದರು. "ಈಗ ಚೆನ್ನಾಗಿ ಬಲ್ತೈತೆ ನೋಡಿ ಸಾರ್," ಎಂದರು, ಒಳ್ಳೆಯ ಫಸಲು ತೋರಿಸುವವರಂತೆ. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ ಅಪ್ಪನ ಕಡೆ ತಿರುಗಿದರು.

"ಬಲಿಯೋಕೆ ಅದು ಪರೆ ಅಲ್ಲ ಕಣ್ರೀ, ಪರದೆ. ಮಿಂಚು ಹೊಡೆದ ದಿನವೇ ಬರಬೇಕಿತ್ತು."

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಪರದೆ ಅಂಟಲಿಲ್ಲ. ಎಡಗಣ್ಣು ಹೋಯಿತು.

ಅಪ್ಪನ ಮೇಲೆ ಕೋಪವೇ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು, ಬೇಗ ಇಳಿಯಿತು. ಉಳಿದದ್ದು ಸಂಕಟ ಮಾತ್ರ. ಒಂದು ಮಾತು ಸರಿಯಾಗಿ ಕೇಳಿಸಿದ್ದರೆ ಸಾಕಿತ್ತಲ್ಲ ಎಂದು ಈಗಲೂ ಅನಿಸುತ್ತದೆ.

ಅಂದಿನಿಂದ ಬಸ್ಸಿನಲ್ಲಾಗಲಿ ಜಗುಲಿಯಲ್ಲಾಗಲಿ ಅಪ್ಪ ನನ್ನ ಎಡಗಡೆಯೇ ಕೂರುತ್ತಿದ್ದರು. ಕಾಣದ ಕಡೆ ನನಗೆ ಏನೂ ತಗುಲದಿರಲಿ ಎಂದು ಕಾಯುತ್ತಿದ್ದಾರೆ ಅಂದುಕೊಂಡಿದ್ದೆ. ಒಮ್ಮೆ ತುರುವೇಕೆರೆಯ ಬಸ್ಸಿನಲ್ಲಿ ಏನೋ ಕೇಳಲೆಂದು ಪೂರ್ತಿ ಅವರ ಕಡೆ ತಿರುಗಿದೆ. ಅಪ್ಪ ನನ್ನ ಆ ಕಣ್ಣನ್ನೇ ನೋಡುತ್ತಾ ಸದ್ದಿಲ್ಲದೆ ಅಳುತ್ತಿದ್ದರು.