ಬ್ರೆಡ್ಡಿಗೆ ಹತ್ತಿದ ಪೆಟ್ರೋಲ್ ವಾಸನೆ

ಸವಾಯಿ ದ್ವೀಪಕ್ಕೆ ಹಡಗಿನಲ್ಲಿ ಬಂದಿಳಿಯುವ ಹಳೆಯ ಕಾರು ನಮ್ಮೂರಿನದಾದರೆ ಮೊದಲು ಮೆಕ್ಯಾನಿಕ್ ಔಕುಸೊ ಅವರ ಶೆಡ್ಡಿಗೆ ಹೋಗುತ್ತದೆ, ಆಮೇಲೆ ಪಾದ್ರಿಯ ಅಂಗಳಕ್ಕೆ. ಪಾದ್ರಿ ಪ್ರಾರ್ಥನೆ ಮಾಡುತ್ತಾರೆ. ಔಕುಸೊ ಎಂಜಿನ್ನಿನಿಂದ ಒಂದು ಸಣ್ಣ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ತೆಗೆಯುತ್ತಾರೆ. ಎಂಜಿನ್ನಿನ ನೀರು ಕಾಯುವವರೆಗೂ ಅದನ್ನು ತಣಿಸುವ ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ಅವರು ಅದನ್ನು ಚಳಿಬಾಗಿಲು ಎನ್ನುತ್ತಾರೆ. ಚಳಿ ದೇಶದವರಿಗೆ ಬೇಕಾದದ್ದು ನಮ್ಮ ಬಿಸಿಲಿಗೆ ಯಾಕೆ ಎಂದು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ.

ತೆಗೆದದ್ದನ್ನು ಎಸೆಯುವುದಿಲ್ಲ. ಮೊಳೆಯಿಂದ ಮಾಲೀಕರ ಹೆಸರು ಗೀಚಿ, ಶೆಡ್ಡಿನ ಮುಂದಿನ ದೀವಿಹಲಸಿನ ಕೊಂಬೆಗೆ ತಂತಿಯಲ್ಲಿ ತೂಗುಹಾಕುತ್ತಾರೆ. ಗಾಳಿ ಬೀಸಿದರೆ ಕಿಣಿಕಿಣಿ ಸದ್ದು. ನಾನು ಎಣಿಸಿದಾಗ ನಲವತ್ತಮೂರು ಇದ್ದವು. ಒಂದರ ಹೆಸರು ಮಾತ್ರ ಓದಲಾಗಲಿಲ್ಲ.

ಬ್ರೆಡ್ಡು ಮಾರುವ ಹೆಂಗಸು ಫುವಾತಿನೊ ಅವರ ಬಿಲ್ಲೆ ಅಲ್ಲಿ ಸೇರಿ ಎರಡು ತಿಂಗಳಾಗಿತ್ತು. ಅವರು ಹಳೆಯ ಪಿಕಪ್ ಮಾರಿ ಉದ್ದನೆಯ ಜಪಾನಿ ಕಾರು ತರಿಸಿಕೊಂಡಿದ್ದರು. ನಸುಕಿನಲ್ಲಿ ಬಂದರಿನ ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು, ಕಡಲ ದಾರಿಯ ಹಳ್ಳಿಗಳಿಗೆ ಹಂಚುವುದು ಅವರ ಕೆಲಸ. ಹೊಸ ಕಾರು ಬಂದಾಗಿನಿಂದ ಕರಿಹೊಗೆ. ಕೊನೆಗೆ ಪುವಾಪುವಾ ಹಳ್ಳಿಯ ಹೆಂಗಸರು ಬ್ರೆಡ್ಡನ್ನು ಮೂಸಿ ವಾಪಸು ಕೊಟ್ಟರು. ಶನಿವಾರದೊಳಗೆ ವಾಸನೆ ಹೋಗದಿದ್ದರೆ ಆ ದಾರಿಯನ್ನು ಬೇರೆಯವರಿಗೆ ಕೊಡುತ್ತೇನೆಂದು ಬೇಕರಿಯ ಯಜಮಾನ ಹೇಳಿಬಿಟ್ಟ. ಅದು ಬುಧವಾರ.

ಔಕುಸೊ ಅಂದೇ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರು. ನಾಲ್ಕೂ ದೀಪದ ಮಸಿ ಹಿಡಿದಂತೆ ಕಪ್ಪಾಗಿದ್ದವು. ಗಾಳಿ ಸಾಲದು, ಇಲ್ಲವೇ ಪೆಟ್ರೋಲು ಹೆಚ್ಚು ಎಂದರು. ಗಾಳಿಯ ಜಾಲರಿಯನ್ನು ಬದಲಾಯಿಸಿ, ಪ್ಲಗ್ಗು ಉಜ್ಜಿ, ಒಂದು ಗಂಟೆ ಎಂಜಿನ್ನನ್ನು ನಿಂತಲ್ಲೇ ಓಡಿಸಿದರು. ಹೊಗೆ ತಿಳಿಯಾಯಿತು. ಕಾರು ಕಳಿಸಿದ ನ್ಯೂಜಿಲೆಂಡಿನವರಿಗೆ ಜಾಲರಿ ನೋಡುವ ಗತಿಯೂ ಇಲ್ಲವೆಂದು ಬೈದರು.

ಗುರುವಾರ ಫುವಾತಿನೊ ಮತ್ತೆ ಬಂದರು. ಹೊಗೆಯೂ ಬಂತು.

“ಅಣ್ಣಾ, ಈ ಕಾರಿಗೆ ನಿಮ್ಮನ್ನ ಕಂಡ್ರೆ ಭಯ. ನಿಮ್ಮ ಅಂಗಳದಲ್ಲಿ ಮಾತ್ರ ಭಾನುವಾರ ಚರ್ಚಿಗೆ ಬಂದ ಮಗು ಥರ ಇರತ್ತೆ.”

ಔಕುಸೊ ನಗಲಿಲ್ಲ. ಆ ಮಾತನ್ನೇ ಹಿಡಿದುಕೊಂಡು ಕೂತರು. ನಿಂತಾಗ ಒಳ್ಳೆಯದು, ಓಡುವಾಗ ಕೆಟ್ಟದ್ದು. ಪೆಟ್ರೋಲು ಚಿಮ್ಮಿಸುವ ನಳಿಗೆ ಸೋರುತ್ತಿದ್ದರೆ ನಿಂತಾಗಲೂ ಹೊಗೆ ಬರಬೇಕಲ್ಲ? ಹಾಗಾದರೆ ಓಡುವಾಗ ಮಾತ್ರ ಏನು ಬದಲಾಗುತ್ತದೆ? ಊಟಕ್ಕೆ ಕರೆದರೂ ಏಳಲಿಲ್ಲವೆಂದು ಅವರ ಹೆಂಡತಿ ಲುಸಿಯಾ ಹೇಳಿದರು.

ಶುಕ್ರವಾರ ನಸುಕಿಗೆ ಔಕುಸೊ, ತಾನೂ ಬರುತ್ತೇನೆಂದು ತೊಡೆಯ ಮೇಲೆ ಬ್ರೆಡ್ಡಿನ ತಟ್ಟೆಗಳನ್ನಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕಡಲ ಗಾಳಿ ಎದುರಿಗೆ ಹೊಡೆಯುತ್ತಿತ್ತು. ಬಿಸಿ ತೋರಿಸುವ ಮುಳ್ಳು ತಳದಲ್ಲೇ ಮಲಗಿತ್ತು. ಅದು ಯಾವಾಗಲೂ ಹೀಗೇನಾ ಎಂದು ಕೇಳಿದರು. ಯಾವಾಗಲೂ ಹೀಗೇ, ತಂಪಾದ ಎಂಜಿನ್ನು ನೂರು ವರ್ಷ ಬಾಳುತ್ತೆ ಅಂದವರು ನೀವೇ ಅಲ್ಲವೇ ಎಂದು ಫುವಾತಿನೊ ನೆನಪಿಸಿದರು.

ಪುವಾಪುವಾದಲ್ಲಿ ನಿಲ್ಲಿಸಿದ ಕೂಡಲೆ ಔಕುಸೊ ಇಳಿದು ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ಕೊಳವೆಯನ್ನು ಹಿಡಿದರು. ತಮ್ಮ ಅಂಗಳದಲ್ಲಿ ಬೆರಳು ಇಡಲಾಗದಷ್ಟು ಸುಟ್ಟ ಕೊಳವೆ ಅದು. ಈಗ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗೆ.

“ಇದು ಇನ್ನೂ ಎದ್ದೇ ಇಲ್ಲ ಕಣಮ್ಮ,” ಎಂದರು.

“ಯಾರು?”

“ನಿನ್ನ ಕಾರು. ಇಷ್ಟು ದೂರ ಓಡಿದ್ರೂ ಈಗಷ್ಟೇ ಎದ್ದಿದೀನಿ, ಮೈ ತಣ್ಣಗಿದೆ ಅಂದ್ಕೊಂಡಿದೆ. ಒಳಗಿರೋ ಕಂಪ್ಯೂಟರ್ ಪೆಟ್ಟಿಗೆ ನೀರು ಎಷ್ಟು ಬಿಸಿ ಅಂತ ನೋಡತ್ತೆ. ತಣ್ಣಗಿದ್ರೆ ಪೆಟ್ರೋಲ್ ಜಾಸ್ತಿ ಸುರೀತಾನೇ ಇರತ್ತೆ.”

ನೀರು ಯಾಕೆ ಕಾಯುತ್ತಿಲ್ಲ ಎಂದು ಫುವಾತಿನೊ ಕೇಳಿದರು. ಔಕುಸೊ ಬಾನೆಟ್ ಮುಚ್ಚಿ, ಮನೆಗೆ ಹೋಗೋಣ ಎಂದರು. ಚಳಿಬಾಗಿಲಿಲ್ಲದೆ ನೀರೆಲ್ಲ ರೇಡಿಯೇಟರಿಗೆ ಹರಿದು ಎದುರುಗಾಳಿಗೆ ತಣ್ಣಗಾಗುತ್ತಿತ್ತು, ಅದನ್ನು ಬಿಚ್ಚಿದವರು ತಾವೇ ಎಂದು ಅವರಿಗೆ ಹೊಳೆದಿತ್ತು. ತಪ್ಪನ್ನು ನ್ಯೂಜಿಲೆಂಡಿನವರ ಮೇಲೆ ಹಾಕಿ, ಸದ್ದಿಲ್ಲದೆ ಸರಿಮಾಡಿಬಿಡಬಹುದಿತ್ತು ಎಂದು ಆಮೇಲೆ ಅವರೇ ನನ್ನೊಡನೆ ಒಪ್ಪಿಕೊಂಡರು. ಹಾಗೇ ಬರೆಯಲೇ ಎಂದು ಎರಡು ಸಲ ಕೇಳಿದೆ. ಬರಿ ಎಂದರು.

ಮನೆಗೆ ಬಂದು ಏಣಿ ಹಾಕಿ, ದೀವಿಹಲಸಿನ ಕೊಂಬೆಯಿಂದ ಫುವಾತಿನೊ ಹೆಸರಿನ ಬಿಲ್ಲೆಯನ್ನು ಬಿಚ್ಚಿಕೊಂಡರು. ಲುಸಿಯಾ ಅವರ ಒಲೆಯ ಮೇಲಿನ ಪಾತ್ರೆಗೆ ಅದನ್ನು ಹಾಕಿ ನೋಡುತ್ತ ನಿಂತರು. ನೀರು ಕುದಿಗೆ ಹತ್ತಿರವಾದಾಗ ಬಾಗಿಲು ಮೆಲ್ಲನೆ ತೆರೆದುಕೊಂಡಿತು. ತಣ್ಣೀರು ಸುರಿದಾಗ ಮುಚ್ಚಿಕೊಂಡಿತು. ಮೂವತ್ತು ವರ್ಷ ಬಿಚ್ಚಿ ತೂಗುಹಾಕುತ್ತ ಬಂದಿದ್ದ ಈ ವಸ್ತು ಕೆಲಸ ಮಾಡುವುದನ್ನು ಅವರು ಕಣ್ಣಾರೆ ನೋಡಿದ್ದು ಅದೇ ಮೊದಲು. ನಾಲ್ಕು ಸಲ ಮಾಡಿದರು. ಸಾರಿನ ಪಾತ್ರೆ ಬೇಕೆಂದು ಲುಸಿಯಾ ಗದರಿಸಿದ ಮೇಲೆ ಬಿಟ್ಟು, ಅದನ್ನು ಕಾರಿಗೆ ಮತ್ತೆ ಕೂರಿಸಿದರು.

ಶನಿವಾರ ಊರು ದಾಟುವ ಮೊದಲೇ ಮುಳ್ಳು ಎದ್ದು ನಡುವಿನಲ್ಲಿ ನಿಂತಿತು. ಪುವಾಪುವಾದ ಮುದುಕಿಯೊಬ್ಬಳು ಬ್ರೆಡ್ಡನ್ನು ಮೂಗಿಗೆ ಹಿಡಿದು, ಇನ್ನೊಮ್ಮೆ ಹಿಡಿದು, ಎರಡು ಕೊಂಡಳು.

ಔಕುಸೊ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬೇಕರಿಗೆ ಹೋಗಿ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ ಯಜಮಾನನಿಗೆ ಹೇಳಿದರು: “ಆ ವಾಸನೆ ಅವಳದ್ದಲ್ಲ. ನಂದು.”

ಯಜಮಾನ ಅವರನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ನೀನು ಸ್ನಾನ ಮಾಡು, ದಾರಿ ಅವಳಿಗೇ ಇರಲಿ ಎಂದ.

ಈಗ ಆ ಕೊಂಬೆಯಲ್ಲಿ ಇಪ್ಪತ್ತಾರು ಇವೆ; ಉಳಿದವು ತಮ್ಮ ತಮ್ಮ ಕಾರುಗಳಿಗೆ ಮರಳಿವೆ. ನೀರಿನ ಬಿಸಿ ನೋಡುವ ಪೆಟ್ಟಿಗೆಯಿಲ್ಲದ, ಕಾರ್ಬುರೇಟರಿನ ಹಳೆಯ ಗಾಡಿಗಳ ಕಥೆ ಬೇರೆ ಇರಬಹುದೇ ಎಂದು ಅವರು ಇನ್ನೂ ಯೋಚಿಸುತ್ತಿದ್ದಾರೆ.