ಮಲಗಿದ ಬೆರಳುಗಳ ಲೆಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಅಡುಗೆಮನೆಯ ನೆಲದ ತುಂಬ ರಟ್ಟಿನ ಕೈಗಳು. ನಡುವೆ ಕೂತ ಟೀಚರ್ ಇನ್ನೊಂದು ಹೆಬ್ಬೆರಳಿನ ಸುತ್ತ ಕತ್ತರಿ ತಿರುಗಿಸುತ್ತಿದ್ದಾರೆ. ಪ್ರತಿ ಬೆರಳಿನ ಬುಡಕ್ಕೂ ಒಂದು ಮಡಿಕೆ: ಮಡಿಸಿದರೆ ಮಲಗಬೇಕು, ಬಿಟ್ಟರೆ ಏಳಬೇಕು.

“ಹಾಲು ಉಕ್ತು ಕಣೇ! ನಿನ್ನ ಸ್ವಂತ ಕೈ ಯಾವಾಗ ಖಾಲಿ ಆಗೋದು?” ಅತ್ತೆ ಓಡಿ ಬಂದು ಒಲೆ ಆರಿಸುತ್ತಾರೆ.

“ಇವತ್ತೊಂದಿನ ಅತ್ತೆ. ನಮ್ಮ ಕ್ಲಾಸಿನ ಪುಟ್ಟಿಗೆ ಪರೀಕ್ಷೆ.”

“ಅವಳಿಗೋ, ನಿಂಗೋ?”

“ನಂಗೇ,” ಟೀಚರ್ ನಗುತ್ತಾರೆ.

ಇವರ ಎರಡನೇ ತರಗತಿಯಲ್ಲಿ ಮನೆಮಾತುಗಳೇ ಆರು. ಹೆತ್ತವರ ಕೆಲಸದ ಬೆನ್ನು ಹಿಡಿದು ದೂರದೂರದಿಂದ ಬಂದ ಮಕ್ಕಳು. ಚಮಚ, ಗುಂಡಿ, ಹಳೇ ಬೀಗ ತುಂಬಿದ ಚೀಲ ಹೊತ್ತು ಎರಡು ಬಸ್ಸು ಹತ್ತಿ ಬರುವ ಇವರು ಆ ಮಕ್ಕಳಿಗೆ ‘ಚೀಲದ ಟೀಚರ್’. ಯಾವ ಪಾಠಕ್ಕೆ ತಯಾರಾದರೂ ಕೊನೆಗೊಂದು ಪ್ರಶ್ನೆ ಹಾಕಿಕೊಳ್ಳುತ್ತಾರೆ: ಇದು ಯಾರ ಮನೆಯಲ್ಲಿ ಬೇರೆ ಥರ?

“ಚಿಕ್ಕೋಳಿದ್ದಾಗ ನಾನೂ ಗೊತ್ತಿಲ್ಲದ ಊರಿನ ಶಾಲೇಲಿ ಕೂತಿದ್ದೆ. ಎಲ್ಲರೂ ನಕ್ಕಾಗ ನಾನೂ ನಗ್ತಿದ್ದೆ, ಯಾಕೆ ಅಂತ ಗೊತ್ತಿಲ್ದೆ. ಆ ನಗು ಯಾವ ಮಗೂಗೂ ಬೇಡ,” ಎನ್ನುತ್ತಾರೆ ಟೀಚರ್.

ಅಷ್ಟು ಎಚ್ಚರದವರೂ ಒಮ್ಮೆ ಎಡವಿದರು. ಕಿಟಕಿ ಪಕ್ಕದ ಪುಟ್ಟಿ ಬಂದ ದಿನದಿಂದ ಬಾಯಿ ಬಿಟ್ಟಿಲ್ಲ. ಎರಡು ತೋರಿಸು ಎಂದರೆ ಮೂರು ಬೆರಳು, ಮೂರು ಎಂದರೆ ಎರಡು. ಒಂದನೇ ತರಗತಿಗೆ ಇಳಿಸೋಣ ಎಂದರು ಮುಖ್ಯೋಪಾಧ್ಯಾಯಿನಿ. ಟೀಚರ್ ಅರೆಮನಸ್ಸಿನಿಂದ ಹೂಂ ಎಂದರು. ಆ ಸಂಜೆಯೇ ಗೇಟಿನಾಚೆ ಪುಟ್ಟಿಯ ಅಮ್ಮ ನಿಂಬೆಹಣ್ಣು ಕೊಳ್ಳುತ್ತಿದ್ದರು. ಬಿಚ್ಚಿದ ಅಂಗೈ, ಒಂದೊಂದು ಹಣ್ಣಿಗೂ ಒಂದೊಂದು ಬೆರಳು ಮಡಚುತ್ತಿತ್ತು.

“ಲೆಕ್ಕ ಎಲ್ಲರಿಗೂ ಒಂದೇ ಅಂದ್ಕೊಂಡು, ಆ ಪಾಠಕ್ಕೆ ಮಾತ್ರ ನನ್ನ ಪ್ರಶ್ನೆ ಕೇಳೇ ಇರ್ಲಿಲ್ಲ. ಮಗು ಸರಿಯಾಗೇ ತೋರಿಸ್ತಿತ್ತು. ನಾನು ನಿಂತಿರೋ ಬೆರಳು ಎಣಿಸ್ತಿದ್ದೆ.”

ಬೇಡಿಕೊಂಡು ಇನ್ನೊಂದು ಅವಕಾಶ ಪಡೆದಿದ್ದಾರೆ. ಅದು ಇವತ್ತು.

ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಮಂಡಿ ತುರುಕಿಕೊಂಡು ಕೂತಿದ್ದಾರೆ. ಟೀಚರ್ ರಟ್ಟಿನ ಕೈಗಳನ್ನು ಹಂಚುತ್ತಾರೆ. “ನಿಮ್ಮ ಮನೇಲಿ ನಾಲ್ಕು ಹೇಗೆ? ತೋರ್ಸಿ ನೋಡೋಣ.” ಒಬ್ಬ ಕಿರುಬೆರಳಿಂದ ಶುರುಮಾಡುತ್ತಾನೆ, ಇನ್ನೊಬ್ಬಳು ರಟ್ಟು ಬಿಟ್ಟು ತನ್ನ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾಳೆ. ಪುಟ್ಟಿ ನಾಲ್ಕನ್ನು ಮಲಗಿಸಿ ಹೆಬ್ಬೆರಳೊಂದನ್ನು ನಿಲ್ಲಿಸುತ್ತಾಳೆ.

“ಅದು ಒಂದಲ್ವೇನಮ್ಮ?” ಹಿಂದಿನಿಂದ ಪ್ರಶ್ನೆ.

“ಅಯ್ಯೋ, ಎದ್ದಿರೋರನ್ನಲ್ಲ ದೊಡ್ಡ ಟೀಚರ್, ಮಲಗಿರೋರನ್ನ ಎಣಿಸಿ!” ಪಕ್ಕದವಳು ಕೂಗುತ್ತಾಳೆ. ತರಗತಿ ಗೊಳ್ಳೆನ್ನುತ್ತದೆ. ಪುಟ್ಟಿಯೂ ನಗುತ್ತಾಳೆ, ಯಾಕೆ ಅಂತ ಗೊತ್ತಿದ್ದೇ.

“ಏಳು?” ಟೀಚರ್ ಕೇಳಿದರೆ ಪುಟ್ಟಿಯ ಒಂದು ಕೈ ಪೂರ್ತಿ ಮಲಗುತ್ತದೆ, ಇನ್ನೊಂದರಲ್ಲಿ ಎರಡು ಬೆರಳು. “ಒಂಬತ್ತು?” ಒಂದೇ ಬೆರಳು ಕಾವಲಿಗೆ ಉಳಿಯುತ್ತದೆ.

ಅಜ್ಜಿಕತೆಯ ಮೂಗಿ ರಾಜಕುಮಾರಿಯ ಬಾಯಿಯ ಬೀಗಕ್ಕೆ ಕೀಲಿ ಏಳು ಸಮುದ್ರದಾಚೆ ಇರುತ್ತಿತ್ತು. ಇವಳದು ಮುಷ್ಟಿಯೊಳಗೇ ಇತ್ತು.

“ಇಲ್ಲೇ ಇರ್ಲಿ ಬಿಡಿ,” ಎನ್ನುತ್ತ ಮುಖ್ಯೋಪಾಧ್ಯಾಯಿನಿ ಬೆಂಚಿನಿಂದ ಮಂಡಿ ಬಿಡಿಸಿಕೊಳ್ಳುತ್ತಾರೆ.

ಪುಟ್ಟಿ ಇನ್ನೂ ಮಾತಾಡಿಲ್ಲ. ಟೀಚರಿಗೆ ಅವಸರವಿಲ್ಲ. ರಟ್ಟಿನ ಕೈಗಳನ್ನು ಚೀಲಕ್ಕೆ ತುಂಬುತ್ತ ಹೇಳುತ್ತಾರೆ: “ನಂಗೊಂದೇ ಆಸೆ. ಮುಂದಿನ ಸಲ ನಾನು ತಪ್ಪಿದಾಗ ಅವಳು ಎದ್ದು ನಿಂತು ‘ಅಲ್ಲ ಟೀಚರ್’ ಅನ್ಬೇಕು. ಅವಳ ಭಾಷೇಲೇ ಅನ್ಲಿ. ನಂಗೆ ಅರ್ಥ ಆಗತ್ತೆ.”